ಗಾಜಿನ ತಟ್ಟೆಯ ಐದು ಮಿಲಿಮೀಟರ್

ಕಬ್ಬಿನ ಬೀಜದ ತುಂಡಿಗೆ ಪಿಎಸ್‌ಬಿ (ರಂಜಕ ಕರಗಿಸುವ ಬ್ಯಾಕ್ಟೀರಿಯಾ) ಉಪಚಾರ ಮಾಡಿರಿ, ಮಣ್ಣಿನಲ್ಲಿ ಸಿಕ್ಕಿಬಿದ್ದ ರಂಜಕ ಕರಗಿ ಬೆಳೆಗೆ ದಕ್ಕುತ್ತದೆ: ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಕೇಳಿ ಕೇಳಿ ಬಾಯಿಪಾಠವಾದ ಮಾತಿದು. ಡಿಎಪಿಯ ರಂಜಕ ಎರಿ ಭೂಮಿಯ ಸುಣ್ಣದ ಜೊತೆ ಬೆಸೆದು ಅಲ್ಲೇ ಕೂತುಬಿಡುತ್ತದೆ ಎಂಬುದೇನೋ ನಿಜ. ಅದನ್ನು ಬಿಡಿಸಿಕೊಡುವ ಬ್ಯಾಕ್ಟೀರಿಯಾಕ್ಕೆ ಸಿಕ್ಕಿರುವ ಕೀರ್ತಿ ಮಾತ್ರ ಅದರ ಯೋಗ್ಯತೆಗಿಂತ ದೊಡ್ಡದು ಎಂದು ನನ್ನ ತಕರಾರು. ಆ ಕೀರ್ತಿ ಒಂದು ಪರೀಕ್ಷೆಯ ಮೇಲೆ ನಿಂತಿದೆ.

ಜೈವಿಕ ಗೊಬ್ಬರಗಳು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಬಂದವು. ಪಿಎಸ್‌ಬಿ ತಳಿ ಯೋಗ್ಯವೆನಿಸಲು ಆ ಆದೇಶ ಕೇಳುವುದು ಕನಿಷ್ಠ 3 ಮಿಲಿಮೀಟರ್ ದಪ್ಪದ ಮಾಧ್ಯಮದಲ್ಲಿ 5 ಮಿಲಿಮೀಟರ್‌ನ ತಿಳಿ ಉಂಗುರ. ಇಲ್ಲವೇ ಅಳತೆಯಲ್ಲಿ ಶೇ. 30ರಷ್ಟು ಕರಗಿಸುವ ಶಕ್ತಿ. ಉಂಗುರದ ಈ ಪರೀಕ್ಷೆ 1948ರ ಪಿಕೊವ್‌ಸ್ಕಾಯಾ ಮಾಧ್ಯಮದಿಂದ ಬಂದದ್ದು. ಆ ಮಾಧ್ಯಮದ ಪಾಕವನ್ನು ನಿಧಾನವಾಗಿ ಓದಬೇಕು. ಲೀಟರಿಗೆ 10 ಗ್ರಾಂ ಗ್ಲೂಕೋಸ್, 5 ಗ್ರಾಂ ಟ್ರೈಕ್ಯಾಲ್ಸಿಯಂ ಫಾಸ್ಫೇಟ್. ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ಗ್ಲುಕೋನಿಕ್ ಆಮ್ಲವಾಗಿ ತಿರುಗಿಸುತ್ತದೆ, ಆಮ್ಲ ಫಾಸ್ಫೇಟನ್ನು ತಿನ್ನುತ್ತದೆ, ಹಾಲಿನಂತೆ ಬೆಳ್ಳಗಿದ್ದ ತಟ್ಟೆ ಅಲ್ಲಿ ತಿಳಿಯಾಗುತ್ತದೆ. ಆಮ್ಲವನ್ನು ಕುಡಿದುಹಾಕುವಂಥದು ತಟ್ಟೆಯಲ್ಲಿ ಹೆಚ್ಚೇನೂ ಇಲ್ಲ. ಎರಿ ಹೊಲಕ್ಕೆ ಬನ್ನಿ. ಮಣ್ಣನ್ನು ಹಿಡಿಯಲ್ಲಿ ತೆಗೆದರೆ ಸುಣ್ಣದ ಹರಳುಗಳು ಕೈಗೆ ಹತ್ತುತ್ತವೆ. ಬ್ಯಾಕ್ಟೀರಿಯಾ ಬಿಟ್ಟ ಆಮ್ಲದ ಹನಿಯನ್ನು ಆ ಸುಣ್ಣವೇ ಮೊದಲು ನುಂಗುತ್ತದೆ. ಸಕ್ಕರೆಯೂ ಬೇರಿನ ಅಂಚಿನಲ್ಲಷ್ಟೇ, ಅದೂ ಕೊಂಚ. ಇದು ಬರೀ ನನ್ನ ಊಹೆಯಲ್ಲ. ಬರೋಡಾದ ಸಂಶೋಧಕರಾದ ಜ್ಞಾನೇಶ್ವರ್, ನರೇಶ್ ಕುಮಾರ್, ಪಾರೇಖ್ 1998ರಲ್ಲೇ ಆಮ್ಲವನ್ನು ನುಂಗುವ ಮಣ್ಣಿನ ಈ ತಡೆಶಕ್ತಿಯ (ಬಫರಿಂಗ್) ಪ್ರಶ್ನೆ ಎತ್ತಿ, ತಟ್ಟೆಯಲ್ಲಿ ಗೆದ್ದ ಸೂಕ್ಷ್ಮಾಣುಗಳು ಕ್ಷಾರೀಯ ಕಪ್ಪು ಮಣ್ಣಿನಲ್ಲಿ ಸೋಲುವುದನ್ನು ತೋರಿಸಿದ್ದರು.

ಇಲ್ಲೇ ವಿಜ್ಞಾನಿ ಬಶಾನ್ ಮತ್ತು ಸಂಗಡಿಗರ ಜೊತೆ ನನ್ನ ಜಗಳ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಎಲ್ಲ ಮಣ್ಣಿಗೂ ಒರೆಗಲ್ಲಾಗದು ಎಂದು 2013ರಲ್ಲಿ ಅವರು ಬರೆದದ್ದು ಒಳ್ಳೆಯ ಕೆಲಸ. ಆದರೆ ತಟ್ಟೆಯ ಮಟ್ಟಿಗೆ ಅವರ ಪರಿಹಾರ ಲವಣ ಬದಲಿಸುವುದು: ಆಮ್ಲೀಯ ಮಣ್ಣಿಗೆ ಕಬ್ಬಿಣದ್ದೋ ಅಲ್ಯುಮಿನಿಯಂನದೋ ಫಾಸ್ಫೇಟ್, ಕ್ಷಾರೀಯ ಮಣ್ಣಿಗೆ ಕ್ಯಾಲ್ಸಿಯಂನದು. ಹಾಗಾದರೆ ನಮ್ಮ ಎರಿಗೆ ಹಳೆಯ ಪರೀಕ್ಷೆಯೇ ಸರಿ ಎಂದಾಯಿತು! ಇದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಲವಣ ಸರಿಯಿದ್ದರೂ ಅದರ ಸುತ್ತಲಿನ ಸುಣ್ಣ ಪರೀಕ್ಷೆಯಿಂದ ಹೊರಗುಳಿದಿದೆ. ಪೊಟ್ಟಣ ಬಿಸಿಲಲ್ಲಿಟ್ಟಿರಿ, ತಿಪ್ಪೆಗೊಬ್ಬರ ಹಾಕಲಿಲ್ಲ ಎಂದು ಪ್ರತಿ ಸೋಲನ್ನೂ ರೈತನ ತಲೆಗೆ ಕಟ್ಟುವವರಿಗೂ ನನ್ನ ಪ್ರಶ್ನೆ ಇದೇ. ಬಿಸಿಲಿಗೆ ಬ್ಯಾಕ್ಟೀರಿಯಾ ಸಾಯುವುದು ಹೌದು. ಬದುಕಿ ಹೊಲ ಸೇರಿದ್ದು ಮಾಡಿದ್ದೇನು?

ಪಿಎಸ್‌ಬಿಯನ್ನು ಪೂರ್ತಿ ತಳ್ಳಿಹಾಕಲಾರೆ. ಕೆಲವು ತಳಿಗಳು ಬೇರು ಬೆಳೆಸುವ ಹಾರ್ಮೋನುಗಳನ್ನೂ ಕೊಡುತ್ತವೆ, ಇಳುವರಿ ಏರಿದ ಕಡೆ ಅದರ ಪಾಲೂ ಇರಬಹುದು. ಆದರೆ ಆ ಲೆಕ್ಕವನ್ನು ರಂಜಕದ ಹೆಸರಿನಲ್ಲಿ ಬರೆಯಬಾರದು.

ಬರೋಡಾದ ಅದೇ ತಂಡಕ್ಕೆ ಸುಣ್ಣದ ತಡೆಯಂಥದೇ ತಡೆ ಹಾಕಿದ ಮಾಧ್ಯಮದಲ್ಲೂ ರಂಜಕ ಕರಗಿಸುವ ಒಂದು ಎಂಟೆರೊಬ್ಯಾಕ್ಟರ್ ಬ್ಯಾಕ್ಟೀರಿಯಾ ಸಿಕ್ಕಿತು. ಸಿಕ್ಕಿದ್ದು ತೊಗರಿಯ ಬೇರಿನ ಬಳಿ. ಅಥಣಿಯ ಎರಿ ಹೊಲಗಳಲ್ಲೂ ತೊಗರಿ ನಿಂತಿದೆ. ಅದರ ಬೇರಿನ ಮಣ್ಣನ್ನು ಅಂಥ ತಟ್ಟೆಯ ಮೇಲೆ ಹಾಕಿ ನೋಡಬೇಕು.