ಬ್ರೆಶಾ ನಗರದ ಸುವರ್ಣಗಾಜಿನ ಪದಕ

ಇಟಲಿ ದೇಶದ ಬ್ರೆಶಾ ನಗರದ ಸಾಂತಾ ಜೂಲಿಯಾ ವಸ್ತುಸಂಗ್ರಹಾಲಯದಲ್ಲಿ ಲೊಂಬಾರ್ಡರ ಅರಸನಾದ ದೆಸಿದೇರಿಯಸನ ಹೆಸರಿನಿಂದ ಪ್ರಸಿದ್ಧವಾದ ರತ್ನಖಚಿತ ಶಿಲುಬೆಯೊಂದಿರುವುದು. ಅದರಲ್ಲಿ ಕೂರಿಸಿರುವ, ಸುಮಾರು 6 ಸೆಂಟಿಮೀಟರು ಅಡ್ಡಳತೆಯ ನೀಲಿ ಗಾಜಿನ ಪದಕವು ಶಿಲುಬೆಗಿಂತ ಬಹಳ ಹಳೆಯದು. ಗಾಜಿನೊಳಗೆ ಚಿನ್ನದ ರೇಕಿನಲ್ಲಿ ಒಬ್ಬ ಸ್ತ್ರೀಯೂ ಒಬ್ಬ ಬಾಲಕನೂ ಒಬ್ಬ ಬಾಲಿಕೆಯೂ ಎದೆಮಟ್ಟಕ್ಕೆ ಚಿತ್ರಿತರಾಗಿರುವರು.

ಈಕೆ ರೋಮಿನ ಸಾಮ್ರಾಜ್ಞಿ ಗಾಲಾ ಪ್ಲಾಸಿಡಿಯಾ, ಮಕ್ಕಳು ವ್ಯಾಲೆಂಟೀನಿಯನ್ ಮತ್ತು ಹೊನೋರಿಯಾ ಎಂದು ಹಿಂದಿನ ವಿದ್ವಾಂಸರು ಬಹುಕಾಲ ನಂಬಿದ್ದರು. ಆ ರಾಣಿ ಕಾಲವಾದುದು 450ರಲ್ಲಿ. ಪದಕವಾದರೋ 3ನೆಯ ಶತಮಾನದ್ದೆಂದು ಈಗ ಒಪ್ಪಿರುವರು. ತಾಯಿಯೊಬ್ಬಳು, ಮಕ್ಕಳಿಬ್ಬರು ಎಂಬಷ್ಟು ಹೋಲಿಕೆಯನ್ನೇ ಆಧಾರವಾಗಿಟ್ಟುಕೊಂಡು ಸುಮಾರು ಎರಡು ಶತಮಾನಗಳನ್ನು ದಾಟಿದುದು ಸಾಹಸವೇ ಸರಿ. ಈ ಬಗೆಯ ಪದಕಗಳೇ ಕೃತಕವೆಂದು ಹಿಂದಿನ ಕೆಲವರು ಸಂಶಯಪಟ್ಟಿದ್ದುದನ್ನು 1926ರಲ್ಲಿ ಡಿ ಮೆಲಿ ಎಂಬ ಪಂಡಿತನು ಅಲ್ಲಗಳೆದನು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಗೆನ್ನಾಡಿಯಸ್ ಎಂಬವನ ಪದಕವನ್ನು ಕುರಿತು 1927ರಲ್ಲಿ ಜೋಸೆಫ್ ಬ್ರೆಕ್ ಬರೆದ ಲೇಖನವೂ ಈ ಸಂಶಯಕ್ಕೆ ತಕ್ಕ ಉತ್ತರವಾಯಿತು. ಅಲ್ಲಿಯ ಬರಹದ ಗ್ರೀಕು ಅಲೆಕ್ಸಾಂಡ್ರಿಯದ ಆಡುನುಡಿಯದು, ಬ್ರೆಶಾದ್ದೂ ಹಾಗೆಯೇ. ಶಾಸನಗಳನ್ನು ಓದಿ ಪಳಗಿದ ನಮ್ಮ ವಾಚಕರಿಗೆ ಇಂಥ ಸಾಕ್ಷ್ಯದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಇನ್ನು ಕೆಲಸದ ರೀತಿ. ಗಾಜಿಗೆ ಚಿನ್ನದ ರೇಕನ್ನು ಅಂಟಿಸಿ, ಮೊನಚಾದ ಉಪಕರಣದಿಂದ ಗೀರಿ ಚಿತ್ರ ಬರೆದು, ಮೇಲೆ ಮತ್ತೊಂದು ಗಾಜಿನ ಪದರವಿಟ್ಟು ಕಾಯಿಸಿ ಕೂಡಿಸುತ್ತಿದ್ದರು. ಕೂಡಿದ ಮೇಲೆ ತಿದ್ದುವಂತಿಲ್ಲ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಗಾರೆಯೊಳಗೆ ಒತ್ತಿದ್ದ 4ನೆಯ ಶತಮಾನದ ಗಾಜಿನ ಪಾತ್ರೆಗಳ ತಳಗಳಲ್ಲಿಯೂ ಇದೇ ವಿಧಾನವುಂಟು. ಆದರೆ ಅವುಗಳಲ್ಲಿ ಬಹುಮಟ್ಟಿಗೆ ಬಾಹ್ಯರೇಖೆ ಮಾತ್ರ, ಮುಖಗಳೆಲ್ಲ ಒಂದೇ ಅಚ್ಚಿನವು. ಬ್ರೆಶಾದ ಪದಕದಲ್ಲಿ ಕೂದಲೆಳೆಯಂಥ ಗೀರುಗಳನ್ನು ಒತ್ತೊತ್ತಾಗಿ ಸೇರಿಸಿ ಕೆನ್ನೆಯ ಉಬ್ಬು, ಕಣ್ಣಿನ ಕೆಳಗಣ ನೆರಳು ಇವುಗಳನ್ನು ತಂದಿದೆ. ಈಜಿಪ್ಟಿನ ಫಯೂಮಿನಲ್ಲಿ ದೊರೆತ ಶವಪೇಟಿಕೆಗಳ ವರ್ಣಚಿತ್ರಗಳಿಗೆ ಇದು ಹತ್ತಿರದ ಬಂಧು. ಮೂವರ ದೊಡ್ಡ ಕಣ್ಣುಗಳೂ ನೋಡುವವನ ಮೇಲೆಯೇ ನೆಟ್ಟಿವೆ. ಅರಮನೆಯ ಚಿತ್ರಗಳ ಬಿಗುಮಾನ ನನಗಂತೂ ಇಲ್ಲಿ ಕಾಣಲಿಲ್ಲ. ರಾಣಿಯನ್ನು ಹುಡುಕಿದವರು ಈ ಮುಖಗಳನ್ನು ಸರಿಯಾಗಿ ನೋಡಿದರೋ ಇಲ್ಲವೋ!

ಪದಕದ ಮೇಲಿನ ‘ಬುನ್ನೇರಿ ಕೆರಾಮಿ’ ಎಂಬ ಬರಹವನ್ನು ಕೆಲವರು ಕುಶಲಕರ್ಮಿಯ ರುಜುವೆನ್ನುವರು, ಕೆಲವರು ಮನೆಯ ಯಜಮಾನನ ಹೆಸರೆನ್ನುವರು. ಎರಡನೆಯದು ಹೆಚ್ಚು ಯುಕ್ತವೆಂದು ನನ್ನ ಮತ. ಹಾಗಾದಲ್ಲಿ ಆತನು ತನ್ನ ಹೆಸರನ್ನು ಬರೆಯಿಸಿ, ಚಿತ್ರದಿಂದ ಮಾತ್ರ ಹೊರಗುಳಿದನು.