ಕೆರೆಯ ತಳದ ಕಾವು: ‘ಮೀಥೇನ್ ಬಾಂಬ್’ ಎಂಬ ಮಾತಿನ ವಿಮರ್ಶೆ

ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಂತ ಮೇಲೆ ಚಿತ್ತವಾಡ್ಗಿಯ ನಮ್ಮ ಮನೆಯ ಆಸುಪಾಸಿನ ತಗ್ಗುಗಳಲ್ಲಿ ಕೆಸರು ಉಳಿಯುತ್ತದೆ. ಅದಕ್ಕೊಂದು ಕೋಲು ಚುಚ್ಚಿದರೆ ಬುಳುಬುಳನೆ ಗುಳ್ಳೆಗಳು ಏಳುತ್ತವೆ. 1776ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಮಾಜೋರೆ ಸರೋವರದಲ್ಲಿ ಮಾಡಿದ್ದೂ ಇದನ್ನೇ. ಗುಳ್ಳೆಗಳ ಅನಿಲವನ್ನು ಹಿಡಿದು ಉರಿಸಿ ನೋಡಿದಾಗ ಆತನಿಗೆ ಸಿಕ್ಕದ್ದು ಇಂದು ನಾವು ಮೀಥೇನ್ ಎಂದು ಕರೆಯುವ ಅನಿಲ. ಗಾಳಿಯಾಡದ ಕೆಸರಿನಲ್ಲಿ ಸೂಕ್ಷ್ಮಾಣುಗಳು ಕೊಳೆತ ಎಲೆ ಬೇರುಗಳನ್ನು ತಿಂದು ಅದನ್ನು ಬಿಡುಗಡೆ ಮಾಡುತ್ತವೆ.

ನಮ್ಮ ಕೆಸರಿನ ಮೀಥೇನಿನಲ್ಲಿ ಇರುವುದು ಹೆಚ್ಚಾಗಿ ಇತ್ತೀಚಿನ ವರ್ಷಗಳ ಇಂಗಾಲ. ಸೈಬೀರಿಯದ ಕೆಲವು ಕೆರೆಗಳ ಗುಳ್ಳೆಗಳಲ್ಲಿ ಸಿಕ್ಕ ಇಂಗಾಲಕ್ಕೆ 35,000ದಿಂದ 43,000 ವರ್ಷ ವಯಸ್ಸು. ಈ ಅಂತರವೇ ಕೆಲವು ವರ್ಷಗಳಿಂದ ‘ಮೀಥೇನ್ ಬಾಂಬ್’ ಎಂಬ ಹೆಸರಿನಲ್ಲಿ ಲೇಖನಗಳಲ್ಲಿ, ಉಪನ್ಯಾಸಗಳಲ್ಲಿ ಸುತ್ತಾಡುತ್ತಿದೆ. ಒಮ್ಮೆ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಕೇಳಿದ: “ಸರ್, ಸೈಬೀರಿಯದ ಕೆರೆಗಳೇ ಭೂಮಿಯನ್ನು ಸುಡುವುದಾದರೆ ನಾವು ಹೊಲಕ್ಕೆ ಸೋಲಾರ್ ಪಂಪು ಹಾಕಿಸಿ ಏನು ಬಂತು?” ಅವನ ಪ್ರಶ್ನೆ ನ್ಯಾಯವಾದದ್ದು. ಉತ್ತರ ಹೇಳುವ ಮುನ್ನ ಈ ಮಾತಿನ ಹಿಂದಿರುವ ಸಂಶೋಧನೆಯನ್ನೂ ಮಾತನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಪ್ರಬಂಧ ಹೇಳುವುದೇನು?

ಸತತ ಎರಡು ವರ್ಷವಾದರೂ 0 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ತಾಪದಲ್ಲಿರುವ ನೆಲವೇ ಪರ್ಮಾಫ್ರಾಸ್ಟ್. ಕನ್ನಡದಲ್ಲಿ ಇದನ್ನು ‘ಶಾಶ್ವತ ಹಿಮ’ ಎಂದು ಬರೆಯುವುದುಂಟು. ಅದು ಹಿಮವೂ ಅಲ್ಲ, ಶಾಶ್ವತವೂ ಅಲ್ಲ. ‘ಹೆಪ್ಪುನೆಲ’ ಎಂದರೆ ಸಾಕು. ಉತ್ತರ ಧ್ರುವದ ಸುತ್ತಲಿನ ಈ ನೆಲದಲ್ಲಿ ಹುದುಗಿರುವ ಇಂಗಾಲ, ವಾಯುಮಂಡಲದಲ್ಲಿರುವ ಇಂಗಾಲದ ಸುಮಾರು ಎರಡು ಪಟ್ಟು. ನಮ್ಮ ಕಡೆಯ ಹಗೇವನ್ನು ನೆನೆಯಿರಿ. ಒಣಗಿದ್ದಷ್ಟು ದಿನ ಕಾಳು ಕೆಡುವುದಿಲ್ಲ. ನೀರು ಇಳಿದರೆ ಕೊಳೆಯತೊಡಗುತ್ತದೆ. ಅಲ್ಲಿ ಕಾಳನ್ನು ಕಾಪಾಡಿದ್ದು ಚಳಿ.

2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೇಟಿ ವಾಲ್ಟರ್ ಮತ್ತು ಸಂಗಡಿಗರು ಉತ್ತರ ಸೈಬೀರಿಯದ ಕೆರೆಗಳಿಂದ ವರ್ಷಕ್ಕೆ 38 ಲಕ್ಷ ಟನ್ ಮೀಥೇನ್ ಹೊರಬೀಳುತ್ತಿದೆ ಎಂದು ಅಂದಾಜು ಮಾಡಿದರು. ಇವರು ಅಳೆದ ಕೆರೆಗಳಲ್ಲಿ ಶೇ. 95ರಷ್ಟು ಮೀಥೇನ್ ಬಂದದ್ದು ಗುಳ್ಳೆಗಳ ರೂಪದಲ್ಲಿ. ಗುಳ್ಳೆಗಳು ಒಂದೆಡೆ ಬಂದರೆ ಪಕ್ಕದಲ್ಲೇ ಬಾರದಿರುವುದರಿಂದ ಹಳೆಯ ಅಳತೆಗಳಿಂದ ಇದು ತಪ್ಪಿಸಿಕೊಂಡಿತ್ತು.

ಇದೇ ಸಂಶೋಧಕಿ (ಈಗ ವಾಲ್ಟರ್ ಆಂಥನಿ) ಮತ್ತು ತಂಡ 2018ರ ಆಗಸ್ಟಿನಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಪ್ರಕಟಿಸಿದ ಪ್ರಬಂಧ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನೆಲ ಮೇಲಿನಿಂದ ನಿಧಾನವಾಗಿ ಕರಗುವುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಸಾಲದು. ಕೆರೆಗಳ ಅಡಿಯ ಹಠಾತ್ ಕರಗುವಿಕೆಯನ್ನೂ ಸೇರಿಸಿದರೆ ಹಳೆಯ ಇಂಗಾಲದ ವಿಸರ್ಜನೆ ಶೇ. 125ರಿಂದ 190ರಷ್ಟು ಹೆಚ್ಚುತ್ತದೆ ಎಂಬುದು ಅದರ ಸಾರ.

ಭೌತವಿಜ್ಞಾನ ಒಪ್ಪುತ್ತದೆಯೆ?

ಒಪ್ಪುತ್ತದೆ. ನೀರಿನ ಸಾಂದ್ರತೆ 4 ಡಿಗ್ರಿಯಲ್ಲಿ ಗರಿಷ್ಠವೆಂದು ಪ್ರೌಢಶಾಲೆಯಲ್ಲೇ ಕಲಿಯುತ್ತೇವೆ. ಚಳಿಗಾಲದಲ್ಲಿ ಮಂಜುಗಡ್ಡೆ ಮೇಲೆ ತೇಲಿ, ಅದರ ಮೇಲೆ ಹಿಮ ಕೂತು, ಕೆರೆಗೆ ಕಂಬಳಿಯಾಗುತ್ತದೆ. ಅಲ್ಲಿನ ಕೆರೆಗಳಲ್ಲಿ ಮಂಜುಗಡ್ಡೆ ಕಟ್ಟುವುದು ಸುಮಾರು 2 ಮೀಟರ್ ದಪ್ಪದವರೆಗೆ. ಅದಕ್ಕಿಂತ ಆಳವಾದ ಕೆರೆಯ ತಳ ವರ್ಷವಿಡೀ 0 ಡಿಗ್ರಿಗಿಂತ ಮೇಲೇ ಇರುತ್ತದೆ. ಬಯಲು ನೆಲ ಬೇಸಿಗೆಯಲ್ಲಿ ಪಡೆದ ಶಾಖವನ್ನು ಚಳಿಗಾಲದಲ್ಲಿ ಕಳೆದುಕೊಂಡು ಮತ್ತೆ ಹೆಪ್ಪುಗಟ್ಟುತ್ತದೆ. ಕೆರೆಯ ತಳಕ್ಕೆ ಈ ಚಳಿಗಾಲವೇ ಇಲ್ಲ. ಹೀಗಾಗಿ ಕೆರೆಯ ಅಡಿಯಲ್ಲಿ ಬೋಗುಣಿಯಾಕಾರದಲ್ಲಿ ನೆಲ ಕರಗುತ್ತ ಹೋಗುತ್ತದೆ. ರಷ್ಯನ್ನರು ಇದಕ್ಕೆ ‘ತಾಲಿಕ್’ ಎನ್ನುತ್ತಾರೆ. ಆ ಬೋಗುಣಿಯಲ್ಲಿ ಸೂಕ್ಷ್ಮಾಣುಗಳಿಗೆ ಹನ್ನೆರಡು ತಿಂಗಳೂ ಊಟ. ಕೆರೆಯನ್ನು ಶಾಖದ ದಾಸ್ತಾನೆಂದು ಕಂಡು ಇಂಗಾಲದ ಲೆಕ್ಕಕ್ಕೆ ಸೇರಿಸಿದ್ದು ಈ ಪ್ರಬಂಧದ ದೊಡ್ಡ ಗುಣ.

‘ಬಾಂಬ್’ ಏಕೆ ಸಲ್ಲದು?

ಬಾಂಬ್ ಕ್ಷಣದಲ್ಲಿ ಸಿಡಿಯುತ್ತದೆ. ಇಲ್ಲಿ ಅದಕ್ಕೆ ಅಡ್ಡ ನಿಲ್ಲುವುದು ಗುಪ್ತೋಷ್ಣ. ಒಂದು ಕಿಲೋಗ್ರಾಂ ಮಂಜುಗಡ್ಡೆಯನ್ನು ಕರಗಿಸಲು 334 ಕಿಲೋಜೂಲ್ ಬೇಕು. ಅಷ್ಟೇ ನೀರನ್ನು 0ಯಿಂದ 80 ಡಿಗ್ರಿಗೆ ಕಾಯಿಸಲು ಸಾಕಾಗುವಷ್ಟು ಶಾಖ ಅದು.

ಒಂದು ಒರಟು ಲೆಕ್ಕ ಹಾಕೋಣ. ಕೆರೆಯ ತಳದ ಸರಾಸರಿ ತಾಪ 3 ಡಿಗ್ರಿ, ಮಣ್ಣಿನ ಗಾತ್ರದಲ್ಲಿ ಅರ್ಧ ಮಂಜುಗಡ್ಡೆ, ಕರಗಿದ ಮಣ್ಣಿನ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ 1.5 ವ್ಯಾಟ್ ಎಂದಿಟ್ಟುಕೊಳ್ಳಿ. ಸ್ಟೆಫಾನ್ ಸೂತ್ರದಂತೆ ಕರಗುವ ಆಳ ಮೊದಲ ವರ್ಷ ಸುಮಾರು 1.4 ಮೀಟರ್. ನೂರು ವರ್ಷಕ್ಕೆ 140 ಮೀಟರ್ ಆಗಲಾರದು, ಸುಮಾರು 14 ಮೀಟರ್ ಅಷ್ಟೆ. ಏಕೆಂದರೆ ಆಳ ಹೆಚ್ಚುವುದು ಕಾಲದ ವರ್ಗಮೂಲಕ್ಕೆ ಅನುಗುಣವಾಗಿ; ಕರಗಿದ ಪದರ ದಪ್ಪವಾದಷ್ಟೂ ಶಾಖ ಕೆಳಗೆ ತಲುಪುವುದು ತಡವಾಗುತ್ತದೆ. ನೂರನೆಯ ವರ್ಷದಲ್ಲಿ ಕರಗುವುದು 7 ಸೆಂಟಿಮೀಟರ್ ಮಾತ್ರ.

ಹಾಗಾದರೆ ಅಪಾಯ ಎಲ್ಲಿದೆ? ಕೆರೆಯ ಅಂಚಿನಲ್ಲಿ. ಅಂಚು ಕುಸಿದು ಕೆರೆ ಹರಡಿದಾಗ ಹೊಸ ನೆಲಕ್ಕೆ ‘ಮೊದಲ ವರ್ಷ’ ಶುರುವಾಗುತ್ತದೆ. 2006ರ ಪ್ರಬಂಧವೂ ಹೆಚ್ಚಿನ ಮೀಥೇನ್ ಕರಗುತ್ತಿರುವ ಅಂಚುಗಳದ್ದೆಂದು ಕಂಡುಕೊಂಡಿತ್ತು. 1974ರಿಂದ 2000ದ ನಡುವೆ ಕೆರೆಗಳು ಹರಡಿದ್ದರಿಂದ ಆ ಪ್ರದೇಶದ ವಿಸರ್ಜನೆ ಶೇ. 58ರಷ್ಟು ಹೆಚ್ಚಿತೆಂದೂ ಅಂದಾಜಿಸಿತ್ತು.

ಪ್ರಮಾಣವನ್ನೂ ನೋಡಬೇಕು. ಜಗತ್ತಿನ ಎಲ್ಲ ಮೂಲಗಳಿಂದ ವರ್ಷಕ್ಕೆ ಹೊರಬೀಳುವ ಮೀಥೇನ್ ಸುಮಾರು 60 ಕೋಟಿ ಟನ್. ಆ 38 ಲಕ್ಷ ಟನ್ ಅದರಲ್ಲಿ ಶೇ. 1ಕ್ಕೂ ಕಡಿಮೆ. ‘ದುಪ್ಪಟ್ಟಿಗಿಂತ ಹೆಚ್ಚು’ ಎಂದಾಗ ಯಾವುದರ ದುಪ್ಪಟ್ಟು ಎಂದು ಕೇಳದಿರುವುದೇ ಜನಪ್ರಿಯ ಬರವಣಿಗೆಯ ದೋಷ. ಅಂತರ ಸರ್ಕಾರಿ ಹವಾಮಾನ ಸಮಿತಿಯ (ಐಪಿಸಿಸಿ) 2021ರ ವರದಿಯಂತೆ, 2100ರ ವೇಳೆಗೆ ಭೂತಾಪ ಏರುವ ಪ್ರತಿ 1 ಡಿಗ್ರಿಗೆ ಹೆಪ್ಪುನೆಲದಿಂದ ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಬರಬಹುದಾದ ಇಂಗಾಲ ಸುಮಾರು 1,800 ಕೋಟಿ ಟನ್. ಮೀಥೇನಿನ ಪಾಲು ಇದಕ್ಕೆ ಪ್ರತ್ಯೇಕ. ಕಲ್ಲಿದ್ದಲು, ಪೆಟ್ರೋಲಿಯಂ, ಅನಿಲಗಳಿಂದ ನಾವು 2023ರ ಒಂದೇ ವರ್ಷ ಬಿಟ್ಟದ್ದು ಸುಮಾರು 1,000 ಕೋಟಿ ಟನ್ ಇಂಗಾಲ. ಆದರೆ ಆ 1,800 ಕೋಟಿಯ ಅಂದಾಜು 310ರಿಂದ 4,100 ಕೋಟಿಯವರೆಗೆ ಓಲಾಡುತ್ತದೆ. ಹಠಾತ್ ಕರಗುವಿಕೆ ಮಾದರಿಗಳಲ್ಲಿ ಸರಿಯಾಗಿ ಸೇರದಿರುವುದು ಇದಕ್ಕೊಂದು ಕಾರಣ. ಆದ್ದರಿಂದ 2018ರ ಪ್ರಬಂಧವನ್ನು ತಳ್ಳಿಹಾಕುವಂತಿಲ್ಲ.

ಪ್ರಬಂಧದ ದುರ್ಬಲ ಭಾಗ

ನನ್ನ ಆಕ್ಷೇಪ ಶಾಖದ ಲೆಕ್ಕದ ಮೇಲಲ್ಲ, ಕೆರೆಗಳ ಆಯುಸ್ಸಿನ ಮೇಲೆ. ತುಂಗಭದ್ರೆಯ ದಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1953ರಲ್ಲಿ ನಿಂತ ನಮ್ಮ ಜಲಾಶಯದ ಸಾಮರ್ಥ್ಯ ಹೂಳಿನಿಂದ ಸುಮಾರು 133 ಟಿಎಂಸಿಯಿಂದ 106ರ ಆಸುಪಾಸಿಗೆ ಇಳಿದಿದೆ. ಅಲ್ಲಿನ ಕೆರೆಗಳು ತುಂಬುವುದಕ್ಕಿಂತ ಬಸಿದುಹೋಗುವುದು ಹೆಚ್ಚು. ಅಡಿಯ ಹೆಪ್ಪುನೆಲ ಪೂರ್ತಿ ಕರಗಿ ತೂತಾದರೆ ನೀರು ಕೆಳಗಿಳಿಯುತ್ತದೆ. ದಂಡೆ ಒಡೆದರೆ ಹರಿದುಹೋಗುತ್ತದೆ.

2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲಾರೆನ್ಸ್ ಸ್ಮಿತ್ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳನ್ನು ಹೋಲಿಸಿ, ಸೈಬೀರಿಯದ ಒಂದು ಪ್ರದೇಶದಲ್ಲಿ 1973ರಲ್ಲಿದ್ದ 10,882 ದೊಡ್ಡ ಕೆರೆಗಳು 1998ರ ಹೊತ್ತಿಗೆ 9,712ಕ್ಕೆ ಇಳಿದುದನ್ನು ತೋರಿಸಿದ್ದರು. ಹೆಪ್ಪುನೆಲ ಅಖಂಡವಾಗಿರುವಲ್ಲಿ ಕೆರೆಗಳು ಹಿಗ್ಗಿದ್ದವು, ಚೂರುಚೂರಾಗಿರುವಲ್ಲಿ ಕುಗ್ಗಿದ್ದವು. 2022ರಲ್ಲಿ ಎಲಿಜಬೆತ್ ವೆಬ್ ಮತ್ತು ಸಂಗಡಿಗರು ಆರ್ಕ್ಟಿಕ್‌ನ ಕೆರೆನಾಡುಗಳಲ್ಲಿ 2000ದಿಂದ 2021ರವರೆಗೆ ಒಟ್ಟಾರೆ ನೀರಿನ ಹರವು ಕಡಿಮೆಯಾಗಿದೆ ಎಂದರು. ಮೊದಲು ಕೆರೆಗಳು ಹರಡಿ, ದಶಕಗಳ ಬಳಿಕ ಬಸಿಯುತ್ತವೆ ಎಂಬ ನಿರೀಕ್ಷೆಗೆ ಇದು ಹೊಂದುವುದಿಲ್ಲ. ಬಸಿದ ಕೆರೆಯ ತಳ ಹಲವೆಡೆ ಮತ್ತೆ ಹೆಪ್ಪುಗಟ್ಟಿ, ಗಿಡ ಬೆಳೆದು, ಇಂಗಾಲ ಹೀರುವುದೂ ಉಂಟು. ಇದನ್ನು 2014ರಲ್ಲಿ ತೋರಿಸಿಕೊಟ್ಟವರೂ ವಾಲ್ಟರ್ ಆಂಥನಿಯವರ ತಂಡವೇ! ಆದುದರಿಂದ 2018ರ ಅಂಕಿಗಳನ್ನು ಕೆರೆಗಳ ಹರವಿನ ಹೊಸ ಅಳತೆಗಳೊಡನೆ ಮತ್ತೊಮ್ಮೆ ತೂಗಬೇಕು.

ವಿದ್ಯಾರ್ಥಿಗೆ ಉತ್ತರ

ಪ್ರಬಂಧದಲ್ಲಿ ಹೆಚ್ಚು ಗಮನಕ್ಕೆ ಬಾರದ ಒಂದು ಫಲಿತಾಂಶವಿದೆ. ಮಾನವ ವಿಸರ್ಜನೆ ತಕ್ಕಮಟ್ಟಿಗೆ ಹತೋಟಿಗೆ ಬಂದರೂ, ಬಾರದಿದ್ದರೂ, ಈ ಶತಮಾನದಲ್ಲಿ ಕೆರೆಗಳ ವಿಸರ್ಜನೆ ಹೆಚ್ಚುಕಡಿಮೆ ಒಂದೇ. ಇದು ಹಿತವಾದ ಸುದ್ದಿಯಲ್ಲ, ಮುಚ್ಚಿಡಬೇಕಾದದ್ದೂ ಅಲ್ಲ. ಮನೆಯ ಖರ್ಚಿನಲ್ಲಿ ಬಾಡಿಗೆ ಇದ್ದಂತೆ ಇದು. ಬಾಡಿಗೆ ತಪ್ಪದೆಂದು ಉಳಿದ ಹಣವನ್ನು ಯಾರೂ ದುಂದು ಮಾಡುವುದಿಲ್ಲ. ಅದನ್ನು ಮೊದಲು ಕಳೆದು, ಉಳಿದುದರಲ್ಲಿ ಬಿಗಿಯಾಗಿ ಬದುಕುತ್ತಾರೆ. ಕೆರೆಗಳ ಪಾಲನ್ನು ಕಳೆದರೆ ನಮಗೆ ಉಳಿಯುವ ಇಂಗಾಲದ ಮಿತಿ ಇನ್ನೂ ಚಿಕ್ಕದು. ಸೋಲಾರ್ ಪಂಪಿನ ಅಗತ್ಯ ಅದರಿಂದ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

‘ಬಾಂಬ್’ ಎಂದು ಹೇಳಿಕೊಟ್ಟರೆ ಮಕ್ಕಳು ಕೈಚೆಲ್ಲಿ ಕೂರುತ್ತಾರೆ. ಗುಪ್ತೋಷ್ಣ, ವರ್ಗಮೂಲ, ಕೆರೆಯ ಅಂಚು ಎಂದು ಹೇಳಿಕೊಟ್ಟರೆ ಲೆಕ್ಕ ಹಾಕುತ್ತಾರೆ. ಅಧ್ಯಾಪಕರು, ವಿಜ್ಞಾನ ಲೇಖಕರು ಎರಡನೆಯದನ್ನು ಆರಿಸಿಕೊಳ್ಳಲಿ.