ಹಳದಿ ಗುರುತಿನ ಅರೆಬರೆ ಉತ್ತರ

ಮಾರ್ಕೋನಹಳ್ಳಿಯ ಮನೆಯೊಂದರಲ್ಲಿ ಹಳೆಯ ಗಣಕಕ್ಕೆ ವಿಂಡೋಸ್ ಎಕ್ಸ್‌ಪಿಯನ್ನು ಮತ್ತೆ ಹಾಕಿದಿರಿ ಎನ್ನೋಣ. ನೆಟ್‌ವರ್ಕ್ ಕಾರ್ಡ್ ಕೆಲಸ ಮಾಡುತ್ತಿಲ್ಲ. ಡಿವೈಸ್ ಮ್ಯಾನೇಜರ್ ತೆರೆದರೆ ‘ಈಥರ್ನೆಟ್ ಕಂಟ್ರೋಲರ್’ ಪಕ್ಕದಲ್ಲಿ ಹಳದಿ ಗುರುತು; ಒಳಗೆ ‘ಕೋಡ್ 28’, ಅಂದರೆ ಡ್ರೈವರ್ ಇಲ್ಲ. ಅಂತರಜಾಲದಲ್ಲಿ ಹುಡುಕಲೇ ಎಂದು ಗಣಕ ಕೇಳುತ್ತದೆ. ಜಾಲವೇ ಇಲ್ಲದೆ ಹುಡುಕುವುದೆಲ್ಲಿ?

ಎಕ್ಸ್‌ಪಿ ಬಂದದ್ದು 2001ರಲ್ಲಿ. ಅನಂತರದ ರಿಯಲ್‌ಟೆಕ್ 8168ರಂಥ ಚಿಪ್‌ನ ಡ್ರೈವರ್ ಅದರಲ್ಲಿಲ್ಲ, ಅದು ತಪ್ಪೇನಲ್ಲ. ನಮ್ಮ ಆಕ್ಷೇಪ ಬೇರೆ. ಪ್ರತಿ ಪಿಸಿಐ ಸಾಧನವೂ ತನ್ನ ತಯಾರಕರ ಸಂಖ್ಯೆಯನ್ನೂ ಸಾಧನದ ಸಂಖ್ಯೆಯನ್ನೂ ಗಣಕಕ್ಕೆ ತಿಳಿಸುತ್ತದೆ. ಈ ಚಿಪ್ ಹೇಳುವುದು 10ಇಸಿ, 8168. ಗೊತ್ತಿದ್ದೂ ವಿಂಡೋಸ್ ಅದನ್ನು ‘ಡೀಟೇಲ್ಸ್’ ಪುಟದಲ್ಲಿ ಹುದುಗಿಸಿಡುತ್ತದೆ. ಲಿನಕ್ಸ್‌ನ ‘ಎಲ್‌ಎಸ್‌ಪಿಸಿಐ’ ಆದೇಶ ಚಿಪ್‌ನ ಹೆಸರನ್ನೇ ತೋರಿಸುತ್ತದೆ. ಇದೇ ಊರಿನ ಜಲಾಶಯದ ಸೈಫನ್‌ಗಳು ನೀರು ಮಟ್ಟ ಮುಟ್ಟಿದರೆ ಯಾರೂ ಹೇಳದೆ ಹೊರಬಿಡುತ್ತವೆ!

ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿತು. ಆದ್ದರಿಂದ ಆ ಗಣಕವನ್ನು ಮನೆಯೊಳಗಿನ ಜಾಲಕ್ಕಷ್ಟೇ ಜೋಡಿಸಿ. ಸಂಖ್ಯೆಗಳೆರಡನ್ನೂ ಚೀಟಿಯಲ್ಲಿ ಬರೆದುಕೊಂಡು, ಬೇರೊಂದು ಗಣಕದಿಂದ ಡ್ರೈವರನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಚೀಟಿ ಮರೆತರೆ ಕುಣಿಗಲ್‌ಗೆ ಎರಡನೇ ಬಸ್ಸು ಹತ್ತಬೇಕಾದೀತು.